ಖಾನಾವಳಿ ಗದ್ದಲದಲ್ಲಿ ಕಿವಿ ಮಷೀನು: ಆರು ತಿಂಗಳು ಹಾಕಿ ನೋಡಿದ ಮೇಲೆ

ಗದಗಿನಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. 22 ವರ್ಷದಿಂದ ಬಡಿಸುವವಳು ನಾನೇ. ಊಟಕ್ಕೆ ಕೂತವರು "ಸಾಕು" ಅಂದರೆ ನನಗೆ "ಹಾಕು" ಅಂತ ಕೇಳಿಸಲು ಶುರುವಾಗಿ ಐದಾರು ವರ್ಷ ಆಗಿತ್ತು. ಗದ್ದಲ ಜಾಸ್ತಿ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಹೋದ ವರ್ಷ ಒಬ್ಬ ಹಿರಿಯರು ಸಾಕು ಸಾಕು ಅನ್ನುತ್ತಾ ತಾಟಿಗೆ ಕೈ ಅಡ್ಡ ಹಿಡಿದರು. ಬಿಸಿ ಸಾರು ಅವರ ಕೈಮೇಲೆ ಬಿತ್ತು. ಅವರು ಬೈಯಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವಳೇ ಸೊಸೆಗೆ ಹೇಳಿದೆ, ಹುಬ್ಬಳ್ಳಿಗೆ ಹೋಗೋಣ ಅಂತ.

ಅವಳು ಮೂರು ವರ್ಷದಿಂದ ಹೇಳುತ್ತಲೇ ಇದ್ದಳು. ನಾನೇ ಒಲ್ಲೆ ಅಂದಿದ್ದೆ. ಮಂದಿ "ಕೆಪ್ಪಿ" ಅಂತಾರೆ ಅನ್ನೋ ಅಳುಕಿತ್ತು. ಒಮ್ಮೆ ಒಂದು ಅಂಗಡಿಯಲ್ಲಿ ಪರೀಕ್ಷೆ ಗಿರೀಕ್ಷೆ ಏನೂ ಮಾಡದೆ ಕೊಟ್ಟ ಅಗ್ಗದ ಮಷೀನು ಹಾಕಿಯೂ ನೋಡಿದ್ದೆ. ಪಾತ್ರೆ, ಫ್ಯಾನು, ರೊಟ್ಟಿ ಬಡಿಯೋ ಸದ್ದು ಎಲ್ಲಾ ಜೋರಾಯ್ತು. ಮಾತು ಮಾತ್ರ ಬಿಡಿಸಿ ಕೇಳಲಿಲ್ಲ. ಅದು ಗೂಡಿನಲ್ಲೇ ಉಳಿಯಿತು.

ಈ ಸಲ ಹೋಗಿದ್ದು ವಿದ್ಯಾನಗರದ ಒಂದು ಸಣ್ಣ ಕೇಂದ್ರಕ್ಕೆ. ಅಲ್ಲಿನ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವ ಹುಡುಗಿ, ಮೊದಲು ಕಿವಿಯೊಳಗೆ ಗುಗ್ಗೆ ಇದೆಯಾ ಅಂತ ನೋಡಿದಳು. ಆಮೇಲೆ ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದಳು. ದಪ್ಪ ದನಿ 25 ಡೆಸಿಬಲ್‌ಗೇ (ಸದ್ದಿನ ಜೋರು ಅಳೆಯುವ ಲೆಕ್ಕ) ಕೇಳುತ್ತಿದೆ, ಕೀರಲು ಸಣ್ಣ ದನಿಗೆ 60 ಬೇಕು ಅಂದಳು. ಆ, ಉ ಜೋರಾಗಿ ಬರುವ ಸ್ವರಗಳು, ಅವು ಕೇಳುತ್ತವೆ. ಸ, ಶ ಬರೀ ಗಾಳಿಯಂತೆ ಮೆತ್ತಗಿರುತ್ತವೆ, ಮೊದಲು ತಪ್ಪುವುದು ಅವೇ. ನನ್ನ ಸಾಕು-ಹಾಕು ಯಾಕೆ ಅಂತ ಆಗ ತಿಳೀತು. ಅಲ್ಲಿಯವರೆಗೂ ನನಗೆ ಕಿವಿ ಕೇಳಿಸುತ್ತದೆ ಅಂತಲೇ ವಾದ ಮಾಡುತ್ತಿದ್ದೆ.

ನನಗೆ ಬಹಳ ಹಿಡಿಸಿದ್ದು, ಅವಳು ರೇಟಿನ ಪಟ್ಟಿ ಮೊದಲು ತೆಗೆಯಲಿಲ್ಲ. "ಅಕ್ಕಾರ, ನಿಮಗ ಯಾರ ಮಾತು ಕೇಳಲಿಲ್ಲಂದ್ರ ಭಾಳ ಕಷ್ಟ ಆಗ್ತೈತಿ?" ಅಂತ ಕೇಳಿದಳು. ಊಟಕ್ಕೆ ಬರೋರದು ಅಂದೆ. ಹಂಗಾದ್ರೆ ಇಲ್ಲಿ ಕೂತು ನೋಡಿದರೆ ಉಪಯೋಗ ಇಲ್ಲ, ಖಾನಾವಳಿಯಲ್ಲೇ ಹಾಕಿ ನೋಡ್ರಿ ಅಂತ ಒಂದು ವಾರಕ್ಕೆ ಕೊಟ್ಟು ಕಳಿಸಿದಳು. ಆ ಒಂದು ವಾರ ಸಿಗದಿದ್ದರೆ ನಾನು ಖಂಡಿತ ಕೊಳ್ಳುತ್ತಿರಲಿಲ್ಲ.

ಮೊದಲ ಎರಡು ದಿನ ತಾಟು ಬಿದ್ದರೆ ತಲೆಗೇ ಹೊಡೆದ ಹಾಗಾಗುತ್ತಿತ್ತು. ಮತ್ತೆ ಹೋದಾಗ ಕಂಪ್ಯೂಟರಿಗೆ ಜೋಡಿಸಿ ಪಾತ್ರೆ ಸದ್ದು ತಗ್ಗಿಸಿದಳು. ತಲೆ ಮೇಲೆ ಸೆರಗು ಎಳೆದುಕೊಂಡರೆ ಮಷೀನು ಕುಂಯ್ ಅನ್ನುತ್ತದೆ. ಈಗ ಸೆರಗನ್ನು ಕಿವಿ ಹಿಂದೆ ಸರಿಸಿಕೊಳ್ಳುತ್ತೇನೆ. ಬ್ಯಾಟರಿ 312 ನಂಬರು, ಕಂದು ಸ್ಟಿಕರಿನದು. ಸ್ಟಿಕರ್ ಕಿತ್ತ ಕೂಡಲೇ ಹಾಕಬಾರದು, ಒಂದು ನಿಮಿಷ ಗಾಳಿಗೆ ಬಿಡಬೇಕು. ನನಗೆ ಒಂದು ವಾರ ಬರುತ್ತದೆ. ಒಲೆ ಮುಂದಿನ ಬೆವರು ಇದಕ್ಕೆ ಆಗಿಬರುವುದಿಲ್ಲ. ರಾತ್ರಿ ಒರೆಸಿ ಅವರೇ ಕೊಟ್ಟ ತೇವ ಹೀರುವ ಡಬ್ಬಿಯಲ್ಲಿ ಇಡುತ್ತೇನೆ.

ಎರಡೂ ಕಿವಿಗೆ ಸೇರಿ 48,000 ರೂಪಾಯಿ ಆಯ್ತು. ನಮ್ಮಂಥವರಿಗೆ ಸಣ್ಣ ದುಡ್ಡಲ್ಲ. ಎರಡು ಕಂತಿನಲ್ಲಿ ಕೊಟ್ಟೆ.

ತೊಂದರೆ ಅಂದರೆ ಗದಗಿನಲ್ಲಿ ಅವರ ಶಾಖೆ ಇಲ್ಲ. ಪ್ರತಿ ಸಲ ಸರಿ ಮಾಡಿಸಲು ಒಂದು ಮಧ್ಯಾಹ್ನ ಖಾನಾವಳಿ ಮುಚ್ಚಬೇಕು. ಆರು ತಿಂಗಳಲ್ಲಿ ನಾಲ್ಕು ಸಲ ಹೋಗಿದ್ದೇನೆ. ಒಮ್ಮೆ ಎರಡು ತಾಸು ಕೂತೆ. ಮುಂಚೆ ಫೋನ್ ಮಾಡಿ ಸಮಯ ಕೇಳಿ ಹೋಗಿ.

ಹೋಗುವಾಗ ಮನೆಯಲ್ಲಿ ನಿಮ್ಮ ಜೊತೆ ಜಾಸ್ತಿ ಮಾತಾಡುವವರನ್ನ ಕರೆದುಕೊಂಡು ಹೋಗಿ. ನನ್ನ ಸೊಸೆಯನ್ನು ಬೆನ್ನ ಹಿಂದೆ ನಿಲ್ಲಿಸಿ ಮಾತಾಡಿಸಿದರು. ಅವಳು ದನಿ ಏರಿಸದೆ "ಅತ್ತೀ, ಚಾ ಕುಡೀತೀರೇನು?" ಅಂದಳು. ನಾನು ತಿರುಗದೆಯೇ "ಹೂಂ" ಅಂದೆ. ಅವಳ ಕಣ್ಣಲ್ಲಿ ನೀರು ಬಂತು.