ಪೋರ್ಶೆ 944ಕ್ಕೆ ಹೊಸ ಕ್ಲಚ್: ರಬ್ಬರಿನದೋ, ಸ್ಪ್ರಿಂಗಿನದೋ, ಲೋಹದ್ದೋ?

ಹಳೆಯ ಪೋರ್ಶೆ 944 ಕಾರಿನ ಕ್ಲಚ್ ಬದಲಿಸುವ ಕಾಲ ಬಂದಾಗ ಹೆಚ್ಚಿನವರು ಮೊದಲು ಕೇಳುವುದು ಯಾವ ಕ್ಲಚ್ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ ಎಂದು. ಎಂಜಿನ್ನಿಗೆ ಯಾವ ಮಾರ್ಪಾಡನ್ನೂ ಮಾಡಿಸದ ಕಾರಿಗೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಿಯಾದ ಅಳತೆಯ, ಒಳ್ಳೆಯ ದರ್ಜೆಯ ಯಾವ ಕ್ಲಚ್ ಆದರೂ ಆ ಎಂಜಿನ್ನಿನ ಬಲವನ್ನು ಜಾರದೆ ತಡೆದುಕೊಳ್ಳುತ್ತದೆ. ನಿಜವಾದ ವ್ಯತ್ಯಾಸ ಇರುವುದು ಕ್ಲಚ್ ಪ್ಲೇಟಿನ ನಡುವೆ, ಶಾಫ್ಟಿನ ಮೇಲೆ ಕೂರುವ ಹಬ್ ಎಂಬ ಭಾಗದಲ್ಲಿ. ಅಲ್ಲಿ ರಬ್ಬರ್ ಇದೆಯೋ, ಸ್ಪ್ರಿಂಗುಗಳಿವೆಯೋ ಅಥವಾ ಎರಡೂ ಇಲ್ಲದ ಬರೀ ಲೋಹವೋ ಎಂಬುದರ ಮೇಲೆ ಕಾರು ಮುಂದೆ ಹಲವು ವರ್ಷ ಹೇಗೆ ಓಡುತ್ತದೆ ಎಂಬುದು ನಿರ್ಧಾರವಾಗುತ್ತದೆ. ಮೊದಲ ಎರಡು ಬಗೆಯ ಪ್ಲೇಟುಗಳನ್ನು ನನ್ನದೇ ಕಾರಿನಲ್ಲಿ, ಒಂದರ ನಂತರ ಒಂದರಂತೆ, ವರ್ಷಗಟ್ಟಲೆ ಬಳಸಿದ್ದೇನೆ. ಮೂರನೆಯದನ್ನು ಗೆಳೆಯರೊಬ್ಬರ 944 ಟರ್ಬೊದಲ್ಲಿ, ಊರೊಳಗಿನ ದಟ್ಟಣೆಯಲ್ಲೂ ಹೆದ್ದಾರಿಯಲ್ಲೂ, ಸಾಕಷ್ಟು ದೂರ ಓಡಿಸಿ ನೋಡಿದ್ದೇನೆ.

ಈ ಆಯ್ಕೆಯನ್ನು ಹಗುರವಾಗಿ ಮಾಡಬಾರದು ಎನ್ನುವುದಕ್ಕೆ ಕಾರಿನ ರಚನೆಯೇ ಕಾರಣ. 1982ರಿಂದ 1991ರವರೆಗೆ ತಯಾರಾದ 944ರಲ್ಲಿ ಎಂಜಿನ್ ಮುಂದೆ ಇದ್ದರೆ ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ ಇದೆ. ಇವೆರಡನ್ನೂ ಬೆಸೆಯುವ ಉದ್ದನೆಯ ಶಾಫ್ಟ್, ಟಾರ್ಕ್ ಟ್ಯೂಬ್ ಎಂಬ ಕೊಳವೆಯೊಳಗೆ ಬೇರಿಂಗುಗಳ ಆಸರೆಯಲ್ಲಿ ಸುತ್ತುತ್ತದೆ. ಕ್ಲಚ್ ಇರುವುದು ಮುಂದೆ, ಎಂಜಿನ್ನಿನ ಬೆನ್ನಿಗೆ. ಅದನ್ನು ತಲುಪಬೇಕಾದರೆ ಸೈಲೆನ್ಸರಿನ ಕೊಳವೆಗಳನ್ನು ಕಳಚಿ, ಹಿಂದಿನ ಚಕ್ರಗಳ ಡ್ರೈವ್ ಶಾಫ್ಟುಗಳನ್ನು ಬಿಡಿಸಿ, ಗೇರ್‌ಬಾಕ್ಸನ್ನು ಕೆಳಗಿಳಿಸಿ, ಟಾರ್ಕ್ ಟ್ಯೂಬನ್ನು ಹಿಂದಕ್ಕೆ ಸರಿಸಿ, ಕೊನೆಗೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಎಂಬ ಕವಚವನ್ನು ತೆಗೆಯಬೇಕು. ಪಳಗಿದ ಮೆಕ್ಯಾನಿಕ್ಕಿಗೂ ಇದು ದಿನಗಟ್ಟಲೆ ಹಿಡಿಯುವ ಕೆಲಸ. ಹಾಗಾಗಿ ಪ್ಲೇಟು ಹೇಗೆ ಹಿಡಿಯುತ್ತದೆ ಎಂಬುದರ ಜೊತೆಗೆ ಎಷ್ಟು ವರ್ಷ ಬಾಳುತ್ತದೆ, ಕೆಟ್ಟಾಗ ಹೇಗೆ ಕೆಡುತ್ತದೆ ಎಂಬುದನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಹಬ್ಬಿನಲ್ಲಿ ಮೆತುತನ ಏಕೆ ಬೇಕು ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಈ ಕಾರಿನ ಮೂಲ ಎಂಜಿನ್ 2.5 ಲೀಟರಿನದು, ನಾಲ್ಕೇ ಸಿಲಿಂಡರಿನದು. ಒಂದೊಂದು ಸಿಲಿಂಡರ್ ಸುಮಾರು 620 ಸಿಸಿ, ಪಿಸ್ಟನ್ನಿನ ಅಡ್ಡಗಲ 100 ಮಿ.ಮೀ. ಇಷ್ಟು ದೊಡ್ಡ ಸಿಲಿಂಡರುಗಳು ಒಂದೊಂದಾಗಿ ಸಿಡಿಯುವಾಗ ಕ್ರ್ಯಾಂಕ್ ಶಾಫ್ಟ್ ಒಂದೇ ವೇಗದಲ್ಲಿ ಸುತ್ತದೆ, ಪ್ರತಿ ಸಿಡಿತಕ್ಕೂ ಒಮ್ಮೆ ಮುಂದಕ್ಕೆ ದೂಡಿದಂತಾಗಿ ಮತ್ತೆ ನಿಧಾನವಾಗುತ್ತದೆ. ನಿಮಿಷಕ್ಕೆ 840 ಸುತ್ತಿನ ಐಡಲಿಂಗಿನಲ್ಲಿ ಇದು ಸೆಕೆಂಡಿಗೆ 28 ಸಲ ನಡೆಯುತ್ತದೆ. ಎಂಜಿನ್ನಿನ ಎರಡು ಬದಿಗೆ ಇರುವ ಬ್ಯಾಲೆನ್ಸ್ ಶಾಫ್ಟುಗಳು ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಸುತ್ತಿ ಎಂಜಿನ್ನಿನ ಮೇಲುಕೆಳಗಿನ ಅದುರನ್ನು ಅಡಗಿಸುತ್ತವೆ, ನಿಜ. ಆದರೆ ಸುತ್ತುವಿಕೆಯ ಈ ಏರಿಳಿತ ಅವುಗಳ ಕೈಗೆ ಸಿಗುವಂಥದ್ದಲ್ಲ. ಅದು ಟಾರ್ಕ್ ಟ್ಯೂಬಿನ ಶಾಫ್ಟಿನ ಮೂಲಕ ಹಿಂದಿನ ಗೇರ್‌ಬಾಕ್ಸಿಗೆ ಹಾಗೆಯೇ ತಲುಪಿದರೆ, ಸಡಿಲವಾಗಿ ಸುತ್ತುವ ಗೇರುಗಳ ಹಲ್ಲುಗಳು ಒಂದಕ್ಕೊಂದು ಬಡಿದುಕೊಂಡು ಸದ್ದು ಮಾಡುತ್ತವೆ. ಇದನ್ನು ನುಂಗಿಕೊಳ್ಳುವುದೇ ಹಬ್ಬಿನ ಕೆಲಸ.

ಕಾರ್ಖಾನೆಯಿಂದ ಬಂದ ಪ್ಲೇಟಿನಲ್ಲಿ ಈ ಕೆಲಸಕ್ಕೆ ಹಬ್ಬಿನ ಸುತ್ತ ದಪ್ಪನೆಯ ರಬ್ಬರನ್ನು ಕೂರಿಸಿದ್ದರು. ಹೊಸ ರಬ್ಬರ್ ಪ್ಲೇಟಿನ ಕಾರನ್ನು ಓಡಿಸುವುದು ನಿಜಕ್ಕೂ ಸುಖಕರ ಅನುಭವ. ಐಡಲಿಂಗಿನಲ್ಲಿ ಹಿಂಬದಿಯಿಂದ ಯಾವ ಸದ್ದೂ ಇಲ್ಲ. ಮೊದಲ ಗೇರಿನಲ್ಲಿ ಮೆಲ್ಲನೆ ತೆವಳುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಮತ್ತೆ ಇಟ್ಟರೂ ಕಾರು ಜರ್ಕ್ ಹೊಡೆಯುವುದಿಲ್ಲ. ಪೆಡಲ್ ಬಿಡುವಾಗ ಕ್ಲಚ್ ಹಿಡಿಯುವ ಜಾಗ ವಿಶಾಲವಾಗಿದೆ. ಏರಿನಲ್ಲಿ ನಿಂತು ಹೊರಡುವುದಕ್ಕೆ ಹೆಚ್ಚಿನ ಜಾಣ್ಮೆ ಬೇಕಿಲ್ಲ. ಸುಲಲಿತವಾಗಿ ಓಡುವುದೊಂದನ್ನೇ ನೋಡುವುದಾದರೆ ಮೂರರಲ್ಲಿ ಇದಕ್ಕೆ ಸಾಟಿ ಇಲ್ಲ.

ಆದರೆ ರಬ್ಬರಿಗೆ ಆಯುಸ್ಸು ಇದೆ, ಮತ್ತು ಅದು ಕಾರು ಓಡಿದ ದೂರವನ್ನು ಲೆಕ್ಕಕ್ಕಿಡುವುದಿಲ್ಲ. ಶೆಡ್ಡಿನಲ್ಲಿ ನಿಂತ ಕಾರಿನ ರಬ್ಬರೂ ಕಾಲಕ್ರಮದಲ್ಲಿ ಗಡುಸಾಗುತ್ತದೆ, ಎಣ್ಣೆಯ ಸೋರಿಕೆ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ನನ್ನ ಕಾರಿನಿಂದ ತೆಗೆದ ಹಳೆಯ ಪ್ಲೇಟಿನ ಉಜ್ಜುವ ಮೈ ಇನ್ನೂ ಅರ್ಧಕ್ಕಿಂತ ಹೆಚ್ಚು ದಪ್ಪವಿತ್ತು. ಸವೆತದ ಲೆಕ್ಕದಲ್ಲಿ ಅದಕ್ಕೆ ಮತ್ತೆ ಹಲವು ವರ್ಷಗಳ ಬಾಳಿಕೆ ಇತ್ತು. ಆದರೆ ಅಂಚನ್ನು ಒಂದು ಕೈಯಲ್ಲಿ ಹಿಡಿದು ಹಬ್ಬನ್ನು ಇನ್ನೊಂದು ಕೈಯಿಂದ ತಿರುಚಿದಾಗ ರಬ್ಬರಿನ ಮೈ ಬತ್ತಿದ ಕೆರೆಯಂಗಳದಂತೆ ಬಿರುಕು ಬಿಟ್ಟು ಬಾಯ್ದೆರೆಯಿತು. ಬಿರುಕಿನ ಒಳಗೆ ಬೆರಳಿನ ಉಗುರು ಸಲೀಸಾಗಿ ಇಳಿಯುತ್ತಿತ್ತು, ಕರಿ ಪುಡಿ ಅಂಗೈಗೆ ಉದುರಿತು. ಕಾರು ಇದರ ಮುನ್ಸೂಚನೆಯನ್ನು ಮೊದಲೇ ಕೊಡುತ್ತದೆ: ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಕಾರಿನ ನಡುವಿನಿಂದ ಮಂದವಾದ ‘ಧಡ್’ ಎಂಬ ಸದ್ದು ಬರತೊಡಗುತ್ತದೆ, ಗೇರಿಗೂ ಚಕ್ರಕ್ಕೂ ನಡುವೆ ಏನೋ ಸಡಿಲವಾದಂತೆ ಅನಿಸುತ್ತದೆ. ರಬ್ಬರ್ ಪೂರ್ತಿ ಹರಿದ ಮೇಲೆ ಅದರ ತುಂಡುಗಳು ಪ್ಲೇಟಿನ ಅಕ್ಕಪಕ್ಕ ಸಿಕ್ಕಿಕೊಂಡು, ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡದೆ ಗೇರೇ ಬೀಳದಂತಾಗುವ ಅಪಾಯವೂ ಉಂಟು. ಮೈ ಸವೆದ ಕ್ಲಚ್ ಮೆಲ್ಲಮೆಲ್ಲನೆ ಜಾರತೊಡಗಿ ಮನೆ ಸೇರಲು ಅವಕಾಶ ಕೊಡುತ್ತದೆ; ರಬ್ಬರ್ ಹರಿದ ಕ್ಲಚ್ ಆ ಅವಕಾಶವನ್ನು ಕೊಡಲೇಬೇಕೆಂದಿಲ್ಲ.

ಎರಡನೆಯದು, ಇಂದಿನ ಬಹುತೇಕ ಕಾರುಗಳಲ್ಲಿರುವಂತೆ ಹಬ್ಬಿನ ಸುತ್ತ ಉಕ್ಕಿನ ಸುರುಳಿ ಸ್ಪ್ರಿಂಗುಗಳಿರುವ ಪ್ಲೇಟು. ಉಜ್ಜುವ ಮೈ ಮೊದಲಿನ ತರಹದ್ದೇ, ನಾರು ಮತ್ತು ರಾಳ ಸೇರಿಸಿ ಒತ್ತಿದ ಸಾಮಾನ್ಯ ಲೈನಿಂಗ್. ಸ್ಪ್ರಿಂಗಿನ ಹಬ್ ತಿರುಚಿಕೊಳ್ಳುವ ಕೋನ ರಬ್ಬರಿಗಿಂತ ಬಹಳ ಕಡಿಮೆ. ಕೈಯಲ್ಲಿ ಎತ್ತಿ ನೋಡಿದರೆ ಎದ್ದು ಕಾಣುವ ವ್ಯತ್ಯಾಸವೆಂದರೆ ತೂಕ: ರಬ್ಬರ್ ಹಬ್ಬಿನದಕ್ಕಿಂತ ಇದು ತುಂಬ ಹಗುರ. ಇದರ ಫಲ ಗೇರ್ ಹಾಕುವಾಗ ತಿಳಿಯುತ್ತದೆ. 944ರಲ್ಲಿ ಗೇರ್ ಬದಲಿಸುವಾಗ ಗೇರುಗಳ ವೇಗವನ್ನು ಒಂದಕ್ಕೊಂದು ಹೊಂದಿಸುವ ಸಿಂಕ್ರೊ ರಿಂಗುಗಳು ಕ್ಲಚ್ ಪ್ಲೇಟಿನ ಜೊತೆಗೆ ಟಾರ್ಕ್ ಟ್ಯೂಬಿನ ಶಾಫ್ಟಿನ ವೇಗವನ್ನೂ ತಗ್ಗಿಸಬೇಕಾಗುತ್ತದೆ. ಆ ಹೊರೆ ಇಳಿದಷ್ಟೂ ಗೇರು ಸಲೀಸಾಗಿ ಬೀಳುತ್ತದೆ. ಸ್ಪ್ರಿಂಗ್ ಪ್ಲೇಟು ಹಾಕಿಸಿದ ಮೇಲೆ ನನ್ನ ಕಾರಿನ ಎರಡರಿಂದ ಮೂರನೆಯ ಗೇರಿನ ಬದಲಾವಣೆ, ಅದರಲ್ಲೂ ಎಂಜಿನ್ ವೇಗ ಹೆಚ್ಚಿದ್ದಾಗ, ಸ್ಪಷ್ಟವಾಗಿ ಸುಧಾರಿಸಿತು. ಹಳೆಯ ಗೇರ್‌ಬಾಕ್ಸಿನ ಸವೆದ ಸಿಂಕ್ರೊಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ.

ಇದಕ್ಕೆ ತೆರಬೇಕಾದ ಬೆಲೆ ಸದ್ದು. ನ್ಯೂಟ್ರಲ್ಲಿನಲ್ಲಿ ನಿಂತು ಪೆಡಲಿನಿಂದ ಕಾಲು ತೆಗೆದರೆ ಹಿಂದಿನ ಸೀಟಿನ ಕೆಳಗಿನಿಂದ ಸಣ್ಣಗೆ ಕಟಕಟ ಎಂಬ ಸದ್ದು ಕೇಳಿಸುತ್ತದೆ; ಪೆಡಲ್ ಒತ್ತಿದೊಡನೆ ನಿಲ್ಲುತ್ತದೆ. ಎಂಜಿನ್ ವೇಗವನ್ನು 1200ರ ಆಸುಪಾಸಿಗೆ ಏರಿಸಿದರೆ ನನ್ನ ಕಾರಿನಲ್ಲಿ ಅದು ಪೂರ್ತಿ ಅಡಗುತ್ತದೆ. ಮೊದಲ ಸಲ ಕೇಳಿದವರು ಗೇರ್‌ಬಾಕ್ಸ್ ಕೆಟ್ಟಿತೆಂದು ಗಾಬರಿಯಾಗುವುದುಂಟು. ಆದರೆ ಈ ಕಟಕಟದಿಂದ ಗೇರುಗಳಿಗೆ ಹಾನಿಯಿಲ್ಲ. ಬೇರೆ ಸದ್ದುಗಳಿಂದ ಇದನ್ನು ಬೇರ್ಪಡಿಸಿ ಗುರುತಿಸುವುದು ಮಾತ್ರ ಅಗತ್ಯ: ಪೆಡಲ್ ಒತ್ತಿದಾಗಲೇ ಶುರುವಾಗುವ ಸದ್ದು ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು, ಎಂಜಿನ್ ವೇಗ ಏರಿದಂತೆ ಕಡಿಮೆಯಾಗದೆ ಕೊರೆಯುವಂತೆ ಹೆಚ್ಚುತ್ತಾ ಹೋಗುವ ಸದ್ದಾದರೆ ಟಾರ್ಕ್ ಟ್ಯೂಬಿನ ಬೇರಿಂಗುಗಳ ಮೇಲೆ ಅನುಮಾನ ಪಡಬೇಕು. ಐಡಲಿಂಗನ್ನು ನಿಗದಿತ ಮಟ್ಟಕ್ಕಿಂತ ಕೆಳಗೆ ಬಿಡದೆ, ಎಂಜಿನ್ ಏರುಪೇರಿಲ್ಲದೆ ಓಡುವಂತೆ ಟ್ಯೂನ್ ಮಾಡಿಸಿದರೆ ಕಟಕಟ ಬಹಳ ತಗ್ಗುತ್ತದೆ. ನಿಧಾನ ಚಲನೆಯಲ್ಲಿ ಆಕ್ಸಿಲರೇಟರನ್ನು ಒರಟಾಗಿ ಒತ್ತಿದರೆ ಸಣ್ಣ ಜರ್ಕ್ ಬರುತ್ತದೆ ಎಂಬುದೂ ನಿಜ. ಪೋರ್ಶೆಯೇ ಮುಂದೆ 944ರ ಉತ್ತರಾಧಿಕಾರಿಯಾದ 968ರಲ್ಲಿ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ (ಕ್ರ್ಯಾಂಕಿನ ತುದಿಯಲ್ಲಿ ಸುತ್ತುವ, ಕ್ಲಚ್ ಪ್ಲೇಟು ಒತ್ತಿಕೊಳ್ಳುವ ಭಾರದ ಚಕ್ರ) ಬಳಸಿ, ಈ ಏರಿಳಿತವನ್ನು ಅಡಗಿಸುವ ಕೆಲಸವನ್ನು ಪ್ಲೇಟಿನಿಂದ ಫ್ಲೈವೀಲಿಗೆ ವರ್ಗಾಯಿಸಿತು.

ಮೂರನೆಯದು, ಲೋಹ ಮತ್ತು ಸೆರಾಮಿಕ್ ಮಿಶ್ರಣದ ಬಿಲ್ಲೆಗಳಿರುವ, ಸ್ಪ್ರಿಂಗಿಲ್ಲದ ಗಟ್ಟಿ ಹಬ್ಬಿನ ಪ್ಲೇಟು, ಅದರ ಜೊತೆಗೆ ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಬಲವಾದ ಪ್ರೆಶರ್ ಪ್ಲೇಟು. ಸಾಮಾನ್ಯ ಲೈನಿಂಗ್ ಸೀದು ಹೋಗುವಷ್ಟು ಶಾಖವನ್ನೂ ಇದು ತಡೆಯುತ್ತದೆ. ಗೆಳೆಯರ ಟರ್ಬೊದಲ್ಲಿ ಬೂಸ್ಟ್, ಅಂದರೆ ಎಂಜಿನ್ನಿಗೆ ಗಾಳಿ ತುಂಬುವ ಒತ್ತಡ, ಹೆಚ್ಚಿಸಲಾಗಿದೆ. ಯೂರೋಪಿನ ಮೂಲ 944ರ ಟಾರ್ಕ್ 205 ನ್ಯೂಟನ್ ಮೀಟರ್ ಆದರೆ 220 ಅಶ್ವಶಕ್ತಿಯ ಟರ್ಬೊದ್ದು 330, ಬೂಸ್ಟ್ ಏರಿಸಿದರೆ ಇನ್ನೂ ಹೆಚ್ಚು. ನಾಲ್ಕನೆಯ ಗೇರಿನಲ್ಲಿ ಕೆಳಗಿನ ವೇಗದಿಂದ ಪೂರ್ತಿ ಒತ್ತಿದಾಗ ಆ ಕ್ಲಚ್ ಕೂದಲೆಳೆಯಷ್ಟೂ ಜಾರಲಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಊರೊಳಗೆ ಅದೇ ಕಾರು ಕಾಲಿಗೂ ಮನಸ್ಸಿಗೂ ದಣಿವು. ಹಾಫ್ ಕ್ಲಚ್ ಎಂಬುದೇ ಇಲ್ಲ. ಪೆಡಲ್ ಬೆರಳಗಲ ಮೇಲೆ ಬರುವಷ್ಟರಲ್ಲಿ ಕ್ಲಚ್ ಒಮ್ಮೆಗೇ ಹಿಡಿದುಬಿಡುತ್ತದೆ. ರಿವರ್ಸ್ ತೆಗೆಯುವಾಗ ಇಡೀ ಕಾರು ಅದುರುತ್ತದೆ. ಪೆಡಲ್ ಎಷ್ಟು ಬಿಗಿ ಎಂದರೆ ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದು ನಿಲ್ಲುವ ಯೋಚನೆಯೇ ಬರುವುದಿಲ್ಲ. ನ್ಯೂಟ್ರಲ್ಲಿಗೆ ಹಾಕಿದರೆ ಗೇರ್‌ಬಾಕ್ಸಿನ ಕಟಕಟ ಕಿಟಕಿ ಮುಚ್ಚಿದರೂ ಕೇಳುತ್ತದೆ. ಇದರ ಮೇಲೆ ಬಿಲ್ಲೆಗಳು ಫ್ಲೈವೀಲಿನ ಮೈಯನ್ನೂ ಬೇಗ ಸವೆಸುತ್ತವೆ.

ಇಷ್ಟು ಹಿಡಿತ ಎಲ್ಲರಿಗೂ ಬೇಕಿಲ್ಲ. ಕ್ಲಚ್ ತಡೆಯಬಲ್ಲ ಟಾರ್ಕ್ ಎಂದರೆ ಒತ್ತುವ ಬಲ, ಘರ್ಷಣೆಯ ಪ್ರಮಾಣ, ಉಜ್ಜುವ ಮೈಯ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಎರಡು ಬದಿ, ಇವುಗಳ ಗುಣಲಬ್ಧ. ಸಾಮಾನ್ಯ 944ರ ಪ್ಲೇಟು 225 ಮಿ.ಮೀ., ಟರ್ಬೊದ್ದು 240 ಮಿ.ಮೀ. ಎಂಬುದರ ಹಿಂದಿನ ತರ್ಕವೂ ಇದೇ. ಬೂಸ್ಟ್ ಸ್ವಲ್ಪವೇ ಏರಿಸಿದ ಟರ್ಬೊಗೆ ಬಿಲ್ಲೆಗಳ ಪ್ಲೇಟಿನ ಬದಲು ಒತ್ತುವ ಬಲ ಹೆಚ್ಚಿರುವ ಪ್ರೆಶರ್ ಪ್ಲೇಟಿನ ಜೊತೆ ಸ್ಪ್ರಿಂಗ್ ಹಬ್ಬಿನ ಸಾಮಾನ್ಯ ಲೈನಿಂಗೇ ಸಾಕು. ಪೆಡಲ್ ತುಸು ಬಿಗಿಯಾಗುತ್ತದೆ, ಮೃದುತನ ಉಳಿಯುತ್ತದೆ. ಬಿಲ್ಲೆಗಳ ಪ್ಲೇಟನ್ನು ರೇಸ್ ಟ್ರ್ಯಾಕಿನಲ್ಲೇ ಓಡುವ ಕಾರಿಗೆ ಮಾತ್ರ ಹೇಳುತ್ತೇನೆ. ರಸ್ತೆಯಲ್ಲಿ ಓಡುವ ಸಾಮಾನ್ಯ 944ಕ್ಕೆ ಸ್ಪ್ರಿಂಗ್ ಪ್ಲೇಟೇ ನನ್ನ ಆಯ್ಕೆ. ಕಾರನ್ನು ಕಾರ್ಖಾನೆಯ ಸ್ಥಿತಿಯಲ್ಲೇ ಕಾಪಾಡಿ ಪ್ರದರ್ಶನಕ್ಕೆ ಒಯ್ಯುವವರು ರಬ್ಬರಿನದನ್ನು ಆರಿಸಿಕೊಂಡರೆ ಅದನ್ನು ಗೌರವಿಸುತ್ತೇನೆ. ಅವರು ಪ್ಲೇಟು ಯಾವ ವರ್ಷ ತಯಾರಾದದ್ದು ಎಂಬುದನ್ನು ಕೇಳಿಯೇ ಕೊಳ್ಳಬೇಕು, ಏಕೆಂದರೆ ಗೋದಾಮಿನಲ್ಲಿ ಕೂತ ರಬ್ಬರಿಗೂ ವಯಸ್ಸಾಗುತ್ತದೆ.

ಹಗುರ ಮಾಡಿದ ಫ್ಲೈವೀಲ್ ಹಾಕಿಸುವ ಆಸೆ ಹಲವರಿಗೆ ಹುಟ್ಟುತ್ತದೆ. ಎಂಜಿನ್ ಚುರುಕಾಗಿ ಏರುತ್ತದೆ, ನಿಜ, ಆದರೆ ಸಿಡಿತದ ಏರಿಳಿತವನ್ನು ತಡೆಯುವ ತೂಕವೇ ಕಡಿಮೆಯಾಗುವುದರಿಂದ ಸ್ಪ್ರಿಂಗ್ ಪ್ಲೇಟಿನ ಕಟಕಟ ಇಮ್ಮಡಿಯಾಗುತ್ತದೆ. ರಸ್ತೆಯ ಕಾರಿಗೆ ನಾನು ಬೇಡ ಎನ್ನುತ್ತೇನೆ.

ಯಾವುದನ್ನೇ ಹಾಕಿಸಿದರೂ ಬೆಲ್ ಹೌಸಿಂಗ್ ತೆರೆದಿರುವಾಗಲೇ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಮತ್ತು ರಿಲೀಸ್ ಫೋರ್ಕಿನ ಶಾಫ್ಟಿನಲ್ಲಿರುವ ನೀಡಲ್ ಬೇರಿಂಗುಗಳನ್ನು ಬದಲಿಸಿಬಿಡಬೇಕು. ಇವು ಚಿಕ್ಕ ಭಾಗಗಳೇ. ಆದರೆ ಇವುಗಳಲ್ಲಿ ಒಂದು ಕೆಟ್ಟರೂ ಮತ್ತೆ ಅಷ್ಟೆಲ್ಲ ಬಿಚ್ಚಬೇಕಾಗುತ್ತದೆ. ಎಂಜಿನ್ನಿನ ವೇಗ ಮತ್ತು ಸ್ಥಾನವನ್ನು ಓದುವ ಎರಡು ಸೆನ್ಸರುಗಳು ಬೆಲ್ ಹೌಸಿಂಗಿನ ಮೇಲಿವೆ. ಅವುಗಳಿಗೂ ಫ್ಲೈವೀಲಿಗೂ ನಡುವಿನ ಅಂತರ 0.8 ಮಿ.ಮೀ. ಇರುವಂತೆ ಮತ್ತೆ ಹೊಂದಿಸದಿದ್ದರೆ ಹೊಸ ಕ್ಲಚ್ ಕೂತ ಕಾರು ಸ್ಟಾರ್ಟೇ ಆಗದಿರಬಹುದು. ಫ್ಲೈವೀಲಿನ ಮೈಯನ್ನು ಹಗುರವಾಗಿ ಗ್ರೈಂಡ್ ಮಾಡಿಸಿ, ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ಪ್ಲೇಟನ್ನು ಬೋಲ್ಟ್ ಮಾಡುವ ಮೊದಲು ಅದರ ಹಬ್ಬನ್ನು ಶಾಫ್ಟಿನ ಹಲ್ಲುಗಳ ಮೇಲೆ ಕೈಯಿಂದಲೇ ಜಾರಿಸಿ ನೋಡಬೇಕು. ಎಲ್ಲೂ ತಡೆಯದೆ ಸರಿಯಬೇಕು. ಹಲ್ಲುಗಳಿಗೆ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು, ಹೆಚ್ಚಾದದ್ದು ಸುತ್ತುವಾಗ ಸಿಡಿದು ಲೈನಿಂಗಿಗೆ ತಾಗುತ್ತದೆ. ಸಾಮಾನ್ಯ ಲೈನಿಂಗಿನ ಹೊಸ ಪ್ಲೇಟಾದರೆ ಮೊದಲ ಕೆಲವು ನೂರು ಕಿಲೋಮೀಟರ್‌ಗಳನ್ನು ಆದಷ್ಟು ಊರೊಳಗೇ, ಪದೇಪದೇ ನಿಂತು ಹೊರಡುವ ಕಡೆ, ಆಕ್ಸಿಲರೇಟರನ್ನು ಪೂರ್ತಿ ಒತ್ತದೆ ಓಡಿಸಬೇಕು. ಬರೀ ಹೆದ್ದಾರಿಯಲ್ಲಿ ಓಡಿಸಿದರೆ ದೂರ ಕಳೆಯುತ್ತದೆಯೇ ಹೊರತು ಲೈನಿಂಗ್ ಫ್ಲೈವೀಲಿಗೆ ಹೊಂದಿಕೊಳ್ಳುವುದಿಲ್ಲ.