ಹಳೇ ಹೋಂಡಾ ಸಿಟಿ ವಿಟೆಕ್ ತಗೊಳ್ಳೋ ಮುಂಚೆ ಎಂಜಿನ್ ನಂಬರ್ ನೋಡಿ

2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್ (ಸಿಟಿ ಕಾರಿನ ಹೆಚ್ಚು ಪವರ್‌ನ ಮಾಡೆಲ್) ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

ಆ ಗಾಡಿಯ ಹುಚ್ಚು ಯಾಕೆ ಅಂತ ಓಡಿಸಿದವರಿಗೆ ಗೊತ್ತು. ಹಗುರ ಬಾಡಿ, 1.5 ಲೀಟರ್ ಎಂಜಿನ್, 106 ಬಿಎಚ್‌ಪಿ. ಒಳ್ಳೇ ಗಾಡಿಗಳು ಕಮ್ಮಿ, ಕೇಳುವವರು ಜಾಸ್ತಿ. ಮೋಸ ಹುಟ್ಟೋದೇ ಅಲ್ಲಿ.

ನನಗೆ ಸಿಕ್ಕಿದ್ದು 2001ರ ಮಾಡೆಲ್. ಮಾರಿದ ದಲ್ಲಾಳಿ, "ಡಾಕ್ಟರ್ ಮನೆ ಗಾಡಿ ಸರ್, ಭಾನುವಾರ ಮಾತ್ರ ತೆಗೀತಿದ್ರು" ಎಂದ. (ನಮ್ಮ ಕಡೆ ಮಾರಾಟಕ್ಕೆ ಬರುವ ಹಳೇ ಕಾರೆಲ್ಲ ಡಾಕ್ಟರ್‌ದೇ!) ಆರ್‌ಸಿ ಅಸಲಿ, ಅದರಲ್ಲಿ ವಿಟೆಕ್ ಅಂತಲೇ ಇದೆ. ಚಾಸಿಸ್ ನಂಬರ್ ಕೂಡ ತಾಳೆ ಆಯಿತು. ಬಾನೆಟ್ ಎತ್ತಿದರೆ ಕೆಂಪು ಪೇಂಟ್ ಹೊಡೆದ ಕವರ್, ಮೇಲೆ ವಿಟೆಕ್ ಸ್ಟಿಕ್ಕರ್. ಎಂಜಿನ್ ನಂಬರ್ ಇರುವ ಜಾಗದಲ್ಲಿ ಮಾತ್ರ ದಪ್ಪ ಗ್ರೀಸು. "ಲೀಕ್ ಇತ್ತು, ಸರಿ ಮಾಡಿಸಿದೀವಿ" ಅಂದ.

ಓನರ್ ಹೆಸರು ಬದಲಾಗುವಾಗ ಗಾಡಿಯನ್ನು ಯಾರೂ ಇಳಿದು ನೋಡಲಿಲ್ಲ. ಸಿಕ್ಕಿಬಿದ್ದಿದ್ದು ಎಫ್‌ಸಿಗೆ (ಗಾಡಿ ರಸ್ತೆಗೆ ಯೋಗ್ಯವಾ ಅಂತ ನೋಡುವ ಫಿಟ್‌ನೆಸ್ ತಪಾಸಣೆ) ಹೋದಾಗ. ಬ್ರೇಕ್ ಇನ್ಸ್‌ಪೆಕ್ಟರ್ ಗ್ರೀಸು ಒರೆಸಿ, ಟಾರ್ಚ್ ಬಿಟ್ಟು ನೋಡಿದರು. ಆರ್‌ಸಿಯಲ್ಲಿರುವ ನಂಬರೇ ಬೇರೆ, ಬ್ಲಾಕ್ ಮೇಲಿರುವುದೇ ಬೇರೆ. ಅಸಲಿ ಎಂಜಿನ್ ಯಾವಾಗಲೋ ಹೋಗಿತ್ತು. ಒಳಗೆ ಕೂತಿದ್ದದ್ದು ಅದೇ ಸಿಟಿಯ ಕಮ್ಮಿ ಪವರ್‌ನ ಮಾಮೂಲಿ ಮಾಡೆಲ್ ಇಎಕ್ಸ್‌ಐದು. ಎಲ್ಲಿಂದ ಬಂತು, ಯಾವ ಗಾಡಿಯದ್ದು, ಬಿಲ್ ಇಲ್ಲ. ಕದ್ದ ಗಾಡಿಯದ್ದಾದರೆ ಪೊಲೀಸರ ಮುಂದೆ ನಿಲ್ಲಬೇಕಾದವನು ನಾನು.

ದಲ್ಲಾಳಿಯನ್ನು ಹೋಗಿ ಕೇಳಿದರೆ, ಗಾಡಿ ತಗೊಳ್ಳುವಾಗ ನಾನು ಸೈನ್ ಹಾಕಿದ್ದ ಡೆಲಿವರಿ ನೋಟ್ ತೋರಿಸಿದ. "ಗಾಡಿ ನೋಡಿ ಒಪ್ಪಿ ತಗೊಂಡಿದ್ದೇನೆ" ಅಂತ ಅದರಲ್ಲಿ ಒಂದು ಸಾಲು ಮೊದಲೇ ಅಚ್ಚಾಗಿರುತ್ತೆ. ಸೈನ್ ಹಾಕುವ ಮುಂಚೆ ಅದನ್ನು ಹೊಡೆದುಹಾಕಿಸಿ, ಎಂಜಿನ್ ನಂಬರ್ ಕೈಯಲ್ಲೇ ಬರೆಸಿಕೊಳ್ಳಿ.

ಎಂಜಿನ್ ಬದಲಾಯಿಸುವುದೇ ತಪ್ಪು ಅಂತಲ್ಲ. ಹಳೇ ಗಾಡಿಗೆ ಕೆಲವೊಮ್ಮೆ ಬೇರೆ ದಾರಿ ಇರಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅಂಥ ಬದಲಾವಣೆಯನ್ನು 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಇಲ್ಲದಿದ್ದರೆ ನಾಳೆ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್ ಕಂಪನಿಯವರು ಇದನ್ನೇ ಹಿಡಿದುಕೊಳ್ಳಬಹುದು.

ನೋಡಲು ಹೋಗುವಾಗ ಒಂದು ಹಳೇ ಬಟ್ಟೆ, ಸ್ವಲ್ಪ ಪೆಟ್ರೋಲ್, ಟಾರ್ಚ್ ಇಟ್ಕೊಳ್ಳಿ. ಗ್ರೀಸು ನೀವೇ ಒರೆಸಿ. ವಿಟೆಕ್ ಎಂಜಿನ್ನಿನ ಹೆಡ್‌ನಲ್ಲಿ (ಮೇಲ್ಭಾಗ) ವೈರ್ ಹೋಗಿರುವ ಒಂದು ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ಇರುತ್ತೆ, ಇಎಕ್ಸ್‌ಐಗೆ ಅದು ಇರಲ್ಲ. ಹೋಂಡಾ ಗೊತ್ತಿರುವ ಮೆಕ್ಯಾನಿಕ್‌ಗೆ ಒಂದು ನಿಮಿಷದ ಕೆಲಸ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಕಾರ್ಪೆಟ್ ಎತ್ತಿ ತುಕ್ಕನ್ನೂ ನೋಡಿ.

ಇನ್ನೊಂದು ಮಾತು. 2001ರ ಗಾಡಿಗೆ 2016, 2021, 2026, ಹೀಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ. ಅದರ ಜೊತೆ 20 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ರಿನ್ಯೂವಲ್ ಫೀಸನ್ನು 2025ರಲ್ಲಿ 10,000 ರೂಪಾಯಿ ಮಾಡಿದ್ದಾರೆ. ಎಫ್‌ಸಿ ಹತ್ತಿರ ಬಂದಾಗ ಅರ್ಜೆಂಟಾಗಿ ಮಾರುತ್ತಿದ್ದರೆ, "ನೀವೇ ಎಫ್‌ಸಿ ಮಾಡಿಸಿ ಕೊಡಿ, ಪೂರ್ತಿ ದುಡ್ಡು ಆಮೇಲೆ" ಎನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.