ಡೀಲರ್‌ಶಿಪ್ ಕೊಡ್ತೀವಿ ಅಂತ ಫೋನ್ ಬಂದರೆ, ದುಡ್ಡು ಹಾಕುವ ಮೊದಲು ಇದನ್ನು ಓದಿ

ನಮ್ಮ ಭಾವನದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಬಣ್ಣ, ತಂತಿ ಮಾರುತ್ತಾರೆ. ಸಿಮೆಂಟ್ ಇಟ್ಟರೆ ವ್ಯಾಪಾರ ಕೈಹಿಡಿಯುತ್ತೆ ಅಂತ ಬಹಳ ದಿನದಿಂದ ಹೇಳುತ್ತಿದ್ದರು. 2023ರಲ್ಲಿ ಮೊಬೈಲಿನಲ್ಲಿ ಸಿಮೆಂಟ್ ಡೀಲರ್‌ಶಿಪ್ ಅಂತ ಹುಡುಕಿದಾಗ ದೊಡ್ಡ ಕಂಪನಿಯೊಂದರ ವೆಬ್‌ಸೈಟ್ ಎಲ್ಲಕ್ಕಿಂತ ಮೇಲೆ ಬಂತು. ಅದೇ ಲೋಗೋ, ಅದೇ ಬಣ್ಣ, ಕಾರ್ಖಾನೆಯ ಫೋಟೋ. ಫಾರಂ ತುಂಬಿದರು. ಕಂಪನಿಯವರು ಅಂತ ಹೇಳಿಕೊಂಡು ಫೋನ್ ಬಂತು. ಕೊನೆಗೆ 2,81,500 ರೂಪಾಯಿ ಕಳೆದುಕೊಂಡರು. ಅದರಲ್ಲಿ ಮುಕ್ಕಾಲು ಪಾಲು ಅಕ್ಕನ ಒಡವೆ ಅಡ ಇಟ್ಟು ತಂದದ್ದು. ಆ ಕಂಪನಿಗೂ ಈ ಮೋಸಕ್ಕೂ ಸಂಬಂಧವಿಲ್ಲ. ಅದರ ಹೆಸರನ್ನು ಯಾರೋ ಕದ್ದಿದ್ದರು.

ನಾನು ಹಾಸನದಲ್ಲಿ ತೆರಿಗೆ ಲೆಕ್ಕ ನೋಡುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಭಾವ ಫೋನ್ ಮಾಡಿ, "ಇನ್ಶೂರೆನ್ಸ್ ಅಂತ 38,000 ಕಟ್ಟಿದ್ರೆ ನಾಳೆನೇ ಲಾರಿ ಹೊರಡುತ್ತಂತೆ ಕಣಮ್ಮ, ಒಂದ್ಸಲ ಕಾಗದ ನೋಡ್ತೀಯಾ?" ಅಂದಾಗ ಮೂರು ಕಂತು ಆಗಲೇ ಹೋಗಿತ್ತು. ನೋಂದಣಿ ಶುಲ್ಕ 25,500. ವಾಪಸ್ ಕೊಡುವ ಠೇವಣಿ ಅಂತ 1,60,000. ಮೊದಲ ಲೋಡಿನ 400 ಚೀಲಕ್ಕೆ, ಚೀಲಕ್ಕೆ 240ರಂತೆ, 96,000.

ಆ ಮೋಸಗಾರರು ಭಾವನಿಗೆ ಕಳಿಸಿದ್ದ ಇನ್‌ವಾಯ್ಸ್ ನನ್ನ ಮೊಬೈಲಿಗೆ ಬಂತು. ಮೊದಲು ಕಣ್ಣಿಗೆ ಬಿದ್ದದ್ದೇ ತೆರಿಗೆ. ಸಿಮೆಂಟಿಗೆ ಆಗ ಜಿಎಸ್‌ಟಿ 28%. ಇವರು 18% ಹಾಕಿದ್ದರು. ಸಿಮೆಂಟಿನ ತೆರಿಗೆ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ದಿನಾ ಸಾವಿರಾರು ಚೀಲ ಮಾರುವ ಕಂಪನಿಗೆ ತನ್ನ ಸರಕಿನ ತೆರಿಗೆ ಗೊತ್ತಿಲ್ಲದೆ ಇರುತ್ತಾ? ಆಮೇಲೆ ಜಿಎಸ್‌ಟಿ ನಂಬರ್ ನೋಡಿದೆ. ಅದರ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರ ಪ್ಯಾನ್ ನಂಬರ್. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಕಂಪನಿಯಾದರೆ ಸಿ ಇರಬೇಕು. ಇಲ್ಲಿ ಪಿ ಇತ್ತು. ಪಿ ಅಂದರೆ ಒಬ್ಬ ವ್ಯಕ್ತಿಯ ಪ್ಯಾನ್. ಬೇರೆ ರಾಜ್ಯದ ಯಾರೋ ಒಬ್ಬರ ನಂಬರನ್ನು ಕಂಪನಿ ಹೆಸರಿನ ಕೆಳಗೆ ಅಂಟಿಸಿದ್ದರು.

ಹಾಗಂತ ಜಿಎಸ್‌ಟಿ ನಂಬರ್ ಸರಿಯಿದ್ದರೆ ಸಾಕು ಅಂದುಕೊಳ್ಳಬೇಡಿ. ಭಾವನಿಗೆ ಬಂದಿದ್ದ ಡೀಲರ್‌ಶಿಪ್ ಸರ್ಟಿಫಿಕೇಟಿನಲ್ಲಿ ಅಸಲಿ ಕಂಪನಿಯ ಅಸಲಿ ನಂಬರೇ ಇತ್ತು. ಅದನ್ನು ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದು. ಸೀಲು, ಸಹಿ, ಲೋಗೋ ಎಲ್ಲದಕ್ಕೂ ಇದೇ ಮಾತು. ಕದಿಯಲಾಗದ್ದು ಒಂದೇ, ಕಂಪನಿಯ ಬ್ಯಾಂಕ್ ಖಾತೆ. ದುಡ್ಡು ಯಾರ ಖಾತೆಗೆ ಹೋಗುತ್ತೆ ಅನ್ನೋದನ್ನೇ ಮೊದಲು ನೋಡಿ.

ಭಾವ ಬ್ಯಾಂಕಿನ ನೆಫ್ಟ್ ಫಾರಂನಲ್ಲಿ ಕಂಪನಿಯ ಪೂರ್ತಿ ಹೆಸರನ್ನು ಬರೆದು ಕೊಟ್ಟಿದ್ದರು. ಹಾಗಾಗಿ ದುಡ್ಡು ಕಂಪನಿಗೇ ಸೇರಿದೆ ಅಂತ ಅವರಿಗೆ ಪೂರ್ತಿ ನಂಬಿಕೆ. ಆದರೆ ದುಡ್ಡು ಜಮೆ ಆಗುತ್ತಿದ್ದದ್ದು ಖಾತೆ ನಂಬರ್ ನೋಡಿ ಮಾತ್ರ. ಹೆಸರು ಹೊಂದುತ್ತಾ ಅಂತ ಯಾರೂ ತಾಳೆ ನೋಡುತ್ತಿರಲಿಲ್ಲ. ಅದು ದೂರದ ಒಂದು ಊರಿನ ಯಾರದೋ ಉಳಿತಾಯ ಖಾತೆ ಅಂತ ಆಮೇಲೆ ಗೊತ್ತಾಯಿತು. ಈಗ ಪರಿಸ್ಥಿತಿ ಸುಧಾರಿಸಿದೆ. ಆರ್‌ಟಿಜಿಎಸ್, ನೆಫ್ಟ್ ಮಾಡುವ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕಿಗೆ ಹೋಗಿ ಕಟ್ಟುವವರೂ ಕೇಳಬಹುದು. ಕೌಂಟರಿನಲ್ಲಿ ಸಂಕೋಚ ಬೇಡ, "ಈ ನಂಬರ್ ಯಾರ ಹೆಸರಲ್ಲಿದೆ ನೋಡಿ ಹೇಳಿ ಸರ್" ಅನ್ನಿ. ಹೆಸರು ಕಂಪನಿಯದ್ದಲ್ಲದಿದ್ದರೆ, ಅಥವಾ ಇನ್ಯಾವುದೋ ಟ್ರೇಡರ್ಸ್, ಎಂಟರ್‌ಪ್ರೈಸಸ್ ಅಂತಿದ್ದರೆ, ಅಲ್ಲಿಗೇ ನಿಲ್ಲಿಸಿ. "ಅದು ನಮ್ಮ ಸಿ ಅಂಡ್ ಎಫ್ ಏಜೆಂಟ್ ಖಾತೆ, ನಮ್ಮ ಫೈನಾನ್ಸ್ ವಿಭಾಗದ್ದು" ಅಂತ ಅವರ ಹತ್ತಿರ ಉತ್ತರ ರೆಡಿ ಇರುತ್ತೆ. ಒಪ್ಪಬೇಡಿ.

ಇನ್ನೊಂದು ವಿಷಯ ನನಗೆ ಈಗಲೂ ಸಂಕಟ ಕೊಡುತ್ತೆ. ಇಷ್ಟೆಲ್ಲಾ ಆಗುವಾಗ ಒಬ್ಬರೂ ಭಾವನ ಅಂಗಡಿ ನೋಡಲು ಬರಲಿಲ್ಲ. ಗೋಡೌನ್ ಎಷ್ಟು ದೊಡ್ಡದು, ಮಳೆಗಾಲದಲ್ಲಿ ಸೋರುತ್ತಾ, ಲಾರಿ ತಿರುಗಲು ಜಾಗ ಇದೆಯಾ, ವರ್ಷದ ವಹಿವಾಟು ಎಷ್ಟು, ಯಾವುದನ್ನೂ ಕೇಳಲಿಲ್ಲ. ನಿಜವಾದ ಸಿಮೆಂಟ್ ಕಂಪನಿ ಹಾಗೆ ಮಾಡಲ್ಲ. ಆ ಭಾಗದ ಸೇಲ್ಸ್ ಆಫೀಸರ್ ಬರುತ್ತಾರೆ, ಜಾಗ ನೋಡುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಹತ್ತಿರದಲ್ಲಿ ಬೇರೆ ಡೀಲರ್ ಇದ್ದಾರಾ ವಿಚಾರಿಸುತ್ತಾರೆ. ತಮ್ಮ ಸರಕನ್ನು ಯಾರ ಕೈಗೆ ಕೊಡ್ತಿದ್ದೀವಿ ಅನ್ನೋ ಚಿಂತೆ ಅವರಿಗಿರುತ್ತೆ. ನಿಮ್ಮ ಬಗ್ಗೆ ಏನೂ ಕೇಳದೆ "ಕಂಗ್ರಾಜುಲೇಷನ್ಸ್, ಅಪ್ರೂವ್ ಆಗಿದೆ" ಅಂದರೆ ಅವರಿಗೆ ಬೇಕಿರೋದು ನಿಮ್ಮ ದುಡ್ಡು ಮಾತ್ರ.

ಅದೇ ಸಿಮೆಂಟ್ ಮಾರುವ ಅಂಗಡಿ ಪಕ್ಕದ ಊರಲ್ಲೇ ಇತ್ತು. ಅವರನ್ನು ಒಂದು ಮಾತು ಕೇಳಿದ್ದರೆ ಸೇಲ್ಸ್ ಆಫೀಸರ್ ನಂಬರ್ ಸಿಗುತ್ತಿತ್ತು. ಆದರೆ ಫೋನಿನಲ್ಲಿದ್ದವನು ಮೊದಲ ದಿನವೇ, "ಯಾರಿಗೂ ಹೇಳಬೇಡಿ ಸರ್, ನಿಮ್ಮ ಏರಿಯಾಗೆ ಒಂದೇ ಡೀಲರ್‌ಶಿಪ್, ಬೇರೆಯವರು ಅಡ್ಡ ಬರ್ತಾರೆ" ಅಂದುಬಿಟ್ಟಿದ್ದ. ವ್ಯಾಪಾರಸ್ಥರಿಗೆ ಇದು ಸಹಜವಾದ ಮಾತು ಅನ್ನಿಸುತ್ತೆ, ಅಲ್ವಾ? ಅದಕ್ಕೇ ಅವರು ಅದನ್ನೇ ಹೇಳುತ್ತಾರೆ.

ಹುಡುಕಿದಾಗ ಮೇಲೆ ಬಂದದ್ದು ಅಸಲಿ ಅಂತಲೂ ಇಲ್ಲ. ಮೇಲೆ ಬರೋಕೆ ದುಡ್ಡು ಕೊಟ್ಟು ಜಾಹೀರಾತು ಹಾಕಬಹುದು. ವೆಬ್‌ಸೈಟ್ ವಿಳಾಸ ಯಾವಾಗ ನೋಂದಣಿ ಆಯಿತು ಅಂತ ಹೂಈಸ್ ಹುಡುಕಾಟದಲ್ಲಿ ಯಾರು ಬೇಕಾದರೂ ನೋಡಬಹುದು. ಭಾವನಿಗೆ ಸಿಕ್ಕಿದ್ದ ವೆಬ್‌ಸೈಟಿಗೆ ಎರಡು ತಿಂಗಳೂ ತುಂಬಿರಲಿಲ್ಲ. ವಿಳಾಸದಲ್ಲಿ ಕಂಪನಿ ಹೆಸರಿನ ಜೊತೆ ಡೀಲರ್ ಅನ್ನೋ ಪದ ಸೇರಿಸಿದ್ದರು. ಅಮುಲ್ ಹೆಸರಿಗೆ ಫ್ರಾಂಚೈಸಿ ಅಂತ ಸೇರಿಸಿ ಹೀಗೇ ಮಾಡಿದ್ದರು. ಅಂಥ ವೆಬ್‌ಸೈಟುಗಳ ಮೇಲೆ ಆ ಸಂಸ್ಥೆ 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿ, ಜಮೀನಿನಲ್ಲಿ ಮೊಬೈಲ್ ಟವರ್, ಎಲ್ಲದರ ಹೆಸರಲ್ಲೂ ಇದೇ ಮೋಸ ನಡೆಯುತ್ತೆ. ಟವರ್ ಹಾಕಲು ತಾನು ಎನ್ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೊಡಲ್ಲ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಎಚ್ಚರಿಸಿದೆ. ಆದರೂ ಟ್ರಾಯ್ ಎನ್ಒಸಿ ಅಂತ ನಕಲಿ ಪತ್ರ ತೋರಿಸಿ ದುಡ್ಡು ಕೀಳುತ್ತಾರೆ.

ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೋಸ ಮಾಡಿದವನಿಗೆ ಫೋನ್ ಮಾಡಿ ಜಗಳ ಆಡುತ್ತಾ ಕೂರಬೇಡಿ. ಖಾತೆಯಿಂದ ಖಾತೆಗೆ ದಾಟಿಸಿ ಎಟಿಎಂನಲ್ಲಿ ತೆಗೆಯುವುದರೊಳಗೆ ತಡೆದರೆ ಮಾತ್ರ ಉಳಿಯುತ್ತೆ. ಪಾವತಿಯ ಗುರುತಿಗೆ ಬ್ಯಾಂಕ್ ಕೊಡುವ ಯುಟಿಆರ್ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಆಮೇಲೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ತುಂಬಿ. ನಾವು ಫೋನ್ ಮಾಡಿದ್ದರಿಂದ ಕೊನೆಯ ಕಂತಿನಲ್ಲಿ 41,000 ತಡೆಹಿಡಿಯಲಾಯಿತು. ಅದು ಕೈಗೆ ಬರಲು ಕೋರ್ಟ್ ಆದೇಶ ಬೇಕಾಯಿತು. ಉಳಿದದ್ದು ಇವತ್ತಿಗೂ ಬಂದಿಲ್ಲ.

ದೂರು ಕೊಟ್ಟ ಕೆಲವೇ ವಾರಗಳಲ್ಲಿ ಭಾವನಿಗೆ ಇನ್ನೊಂದು ಫೋನ್ ಬಂತು. ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಪೂರ್ತಿ ಹಣ ಸಿಕ್ಕಿದೆ, ಬಿಡುಗಡೆಗೆ 6,500 ಕಟ್ಟಿ ಅಂತ. ಇದೂ ಮೋಸವೇ. ಮೋಸ ಹೋದವರ ಪಟ್ಟಿ ಮೋಸಗಾರರ ಹತ್ತಿರವೇ ಇರುತ್ತೆ. ಹಣ ವಾಪಸ್ ಕೊಡಿಸಲು ಪೊಲೀಸರು ಫೋನಿನಲ್ಲಿ ಶುಲ್ಕ ಕೇಳಲ್ಲ. ಅಂಥ ಫೋನ್ ಬಂದರೆ ಆ ನಂಬರನ್ನೂ ಬರೆದುಕೊಂಡು, ದೂರು ಕೊಟ್ಟ ಠಾಣೆಗೆ ತಿಳಿಸಿ.